ಟೈರ್ ಗಾಳಿಯ ಸೆನ್ಸರ್ ಕೆಟ್ಟರೆ ಯಾವುದನ್ನು ಹಾಕಿಸಬೇಕು, ಎಷ್ಟು ಹಾಕಿಸಬೇಕು

ಡ್ಯಾಶ್‌ಬೋರ್ಡಿನಲ್ಲಿ ಕುದುರೆ ಲಾಳದಂಥ ಚಿತ್ರ, ಅದರೊಳಗೊಂದು ಆಶ್ಚರ್ಯಸೂಚಕ. ಈ ಹಳದಿ ದೀಪ ಹೊತ್ತಿಕೊಂಡಾಗ ನಮ್ಮಲ್ಲಿ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತೇವೆ: ತಿಂಗಳುಗಟ್ಟಲೆ ಅದನ್ನು ನೋಡಿಯೂ ನೋಡದ ಹಾಗೆ ಓಡಿಸುತ್ತೇವೆ, ಇಲ್ಲವೇ ಗ್ಯಾರೇಜಿಗೆ ಹೋಗಿ ಅವರು ಹೇಳಿದಷ್ಟು ಸೆನ್ಸರ್ ಹಾಕಿಸಿಕೊಂಡು ಬರುತ್ತೇವೆ. ನಾನು ಎರಡನ್ನೂ ಮಾಡಿದ್ದೇನೆ. ಒಂದು ಸಲ "ನಾಲ್ಕೂ ಹೋಗಿವೆ" ಅಂದರು, ನಾಲ್ಕನ್ನೂ ಹಾಕಿಸಿದೆ. ಮರುದಿನ ಬೆಳಿಗ್ಗೆ ದೀಪ ಮತ್ತೆ ಮಿನುಗಿತು. ಬೇರೊಬ್ಬ ಮೆಕ್ಯಾನಿಕ್ ಕೈಯಲ್ಲಿ ಹಿಡಿಯುವ ಚಿಕ್ಕ ಉಪಕರಣ ತಂದು ಒಂದೊಂದೇ ಚಕ್ರಕ್ಕೆ ಹಿಡಿದು ನೋಡಿದ, ಕೊನೆಗೆ ಡಿಕ್ಕಿ ತೆಗೆಸಿದ. ಬ್ಯಾಟರಿ ಮುಗಿದಿದ್ದದ್ದು ಸ್ಟೆಪ್ನಿಯೊಳಗಿನ ಐದನೆಯ ಸೆನ್ಸರ್‌ನದು. ಆ ಕಾರಿನ ಸ್ಟೆಪ್ನಿಯಲ್ಲೂ ಸೆನ್ಸರ್ ಇದೆಯೆಂಬುದು ನನಗೂ ಗೊತ್ತಿರಲಿಲ್ಲ, ಮೊದಲ ಗ್ಯಾರೇಜಿನವರಿಗೂ ಗೊತ್ತಿರಲಿಲ್ಲ.

ಅಂದಿನಿಂದ ಈ ವಿಷಯದಲ್ಲಿ ನನ್ನ ಲೆಕ್ಕಾಚಾರವೇ ಬೇರೆ. ಸೆನ್ಸರ್ ಅಗ್ಗವೋ ದುಬಾರಿಯೋ ಎಂಬುದು ಎರಡನೆಯ ಪ್ರಶ್ನೆ. ಟೈರನ್ನು ರಿಮ್‌ನಿಂದ ಎಷ್ಟು ಸಲ ಬಿಡಿಸಬೇಕಾಗುತ್ತದೆ ಎಂಬುದೇ ಮೊದಲ ಪ್ರಶ್ನೆ. ಸೆನ್ಸರ್ ಇರುವುದು ಟೈರಿನ ಒಳಗೆ. ಅದನ್ನು ಮುಟ್ಟಬೇಕೆಂದರೆ ಚಕ್ರ ಬಿಚ್ಚಬೇಕು, ಗಾಳಿ ಬಿಡಬೇಕು, ಟೈರನ್ನು ರಿಮ್‌ನ ಅಂಚಿನಿಂದ ಬಿಡಿಸಬೇಕು, ಮತ್ತೆ ಕೂರಿಸಿ ಬ್ಯಾಲೆನ್ಸಿಂಗ್ ಮಾಡಬೇಕು. ತಪ್ಪು ಸೆನ್ಸರ್ ತಂದರೂ ತಪ್ಪು ಚಕ್ರ ಬಿಚ್ಚಿದರೂ ಈ ಕೆಲಸವೆಲ್ಲ ಎರಡೆರಡು ಸಲ. ಹಾಗಾಗಿ ಹೋಲಿಕೆಗೆ ಇಳಿಯುವ ಮೊದಲು ರೋಗ ಎಲ್ಲಿದೆ ಎಂದು ಹುಡುಕೋಣ.

ದೀಪದ ಭಾಷೆ

ದೀಪ ಸುಮ್ಮನೆ ಹೊತ್ತಿ ನಿಂತಿದ್ದರೆ ಅದು ಗಾಳಿ ಕಡಿಮೆಯಾಗಿದೆ ಎಂಬ ಸುದ್ದಿ. ಸೆನ್ಸರ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಗಾಡಿ ಸ್ಟಾರ್ಟ್ ಮಾಡಿದಾಗ ದೀಪ ಒಂದು, ಒಂದೂವರೆ ನಿಮಿಷ ಮಿನುಗಿ ಆಮೇಲೆ ಆರದೆ ಹೊತ್ತಿಯೇ ನಿಂತರೆ ವ್ಯವಸ್ಥೆಯಲ್ಲೇ ದೋಷ: ಯಾವುದೋ ಸೆನ್ಸರ್ ಮಾತಾಡುತ್ತಿಲ್ಲ, ಅಥವಾ ಕಾರು ಅದರ ಮಾತನ್ನು ಕೇಳಿಸಿಕೊಳ್ಳುತ್ತಿಲ್ಲ. ಈ 60ರಿಂದ 90 ಸೆಕೆಂಡಿನ ಮಿನುಗು ಅಮೆರಿಕದ ನಿಯಮದಿಂದ ಬಂದದ್ದು. ಅಲ್ಲಿ 2007ರ ಸೆಪ್ಟೆಂಬರ್‌ನಿಂದ ಎಲ್ಲ ಹೊಸ ಕಾರುಗಳಲ್ಲಿ ಈ ವ್ಯವಸ್ಥೆ ಕಡ್ಡಾಯ, ಮತ್ತು ನಿಗದಿತ ಒತ್ತಡಕ್ಕಿಂತ 25 ಶೇಕಡಾ ಇಳಿಯುವಷ್ಟರಲ್ಲಿ ದೀಪ ಹೊತ್ತಬೇಕು. ಯುರೋಪಿನ ಒಕ್ಕೂಟದಲ್ಲಿ 2014ರ ನವೆಂಬರ್‌ನಿಂದ ಮಾರಾಟವಾಗುವ ಪ್ರತಿ ಹೊಸ ಕಾರಿಗೂ ಇದು ಬಂತು.

25 ಶೇಕಡಾ ಎಂದರೆ ಎಷ್ಟೆಂದು ಲೆಕ್ಕ ಹಾಕಿ ನೋಡಿ. 32 ಪಿಎಸ್‌ಐ ಇರಬೇಕಾದ ಟೈರು 24ಕ್ಕೆ ಇಳಿದ ಮೇಲೆ ದೀಪ ಹೊತ್ತಿದರೂ ನಿಯಮ ಪಾಲಿಸಿದಂತೆಯೇ. ಹಾಗಾಗಿ ದೀಪ ಹೊತ್ತಿಲ್ಲ, ಗಾಳಿ ಸರಿಯಿದೆ ಎಂದು ನಂಬಿ ಕೂರಬೇಡಿ. ಗೇಜ್ ಹಿಡಿದು ನೋಡುವ ಅಭ್ಯಾಸಕ್ಕೆ ಯಾವ ಸೆನ್ಸರೂ ಬದಲಿಯಲ್ಲ.

ಚಳಿಯ ಬೆಳಿಗ್ಗೆ ಹೊತ್ತಿ, ಮಧ್ಯಾಹ್ನ ಆರುವ ದೀಪ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಹೊರಗಿನ ತಾಪಮಾನ 10 ಡಿಗ್ರಿ ಸೆಲ್ಸಿಯಸ್ ಇಳಿದರೆ 32 ಪಿಎಸ್‌ಐ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಮೊದಲೇ ಸ್ವಲ್ಪ ಕಡಿಮೆ ಇದ್ದ ಟೈರಿಗೆ ಅಷ್ಟೇ ಸಾಕು. ಆದರೆ ಬೆಳಗಿನ ಹೊತ್ತು ಬರೀ ಹೊತ್ತುವುದಲ್ಲದೆ ಮಿನುಗುತ್ತಿದ್ದರೆ ಕಥೆ ಬೇರೆ. ಮುಗಿಯುತ್ತಾ ಬಂದ ಲಿಥಿಯಂ ಬ್ಯಾಟರಿ ಚಳಿಯಲ್ಲಿ ಇನ್ನಷ್ಟು ಸೊರಗುತ್ತದೆ, ಟೈರು ಬಿಸಿಯಾದ ಮೇಲೆ ಮತ್ತೆ ಚೇತರಿಸಿಕೊಂಡು ಮಾತಾಡುತ್ತದೆ. ಹೊತ್ತಿ ನಿಂತರೆ ಗಾಳಿ ಹೊಡೆಸಿ, ಮಿನುಗಿ ನಿಂತರೆ ಸೆನ್ಸರ್ ಹುಡುಕಿ.

ಗಾಳಿ ಹೊಡೆಸುವಾಗ ಎಷ್ಟು ಎಂಬುದಕ್ಕೆ ಟೈರಿನ ಪಕ್ಕದಲ್ಲಿ ಅಚ್ಚಾದ ಸಂಖ್ಯೆ ನೋಡಬೇಡಿ. ಅದು ಟೈರು ತಾಳಬಲ್ಲ ಗರಿಷ್ಠ. ಚಾಲಕನ ಬಾಗಿಲಿನ ಚೌಕಟ್ಟಿನಲ್ಲೋ ಪೆಟ್ರೋಲ್ ಮುಚ್ಚಳದ ಒಳಗೋ ಅಂಟಿಸಿದ ಚೀಟಿಯಲ್ಲಿ ನಿಮ್ಮ ಕಾರಿನ ಸಂಖ್ಯೆ ಇರುತ್ತದೆ. ಗಾಡಿ ಮೂರು ಗಂಟೆಯಾದರೂ ನಿಂತಿದ್ದಾಗ ಅಳೆದದ್ದೇ ಸರಿಯಾದ ಅಳತೆ.

ನಿಮ್ಮ ಕಾರಿನಲ್ಲಿ ಸೆನ್ಸರ್ ಇದೆಯೇ?

ಇದು ವಿಚಿತ್ರವಾಗಿ ಕೇಳಿಸಬಹುದು. ಆದರೆ ಹೊಸ ಸೆನ್ಸರ್‌ಗೆ ಆರ್ಡರ್ ಕೊಟ್ಟು, ಟೈರು ಬಿಡಿಸಿ ನೋಡಿದಾಗ ಒಳಗೆ ಏನೂ ಇಲ್ಲದಿದ್ದ ಸಂದರ್ಭಗಳಿವೆ. ಟಿಪಿಎಂಎಸ್, ಅಂದರೆ ಟೈರಿನ ಒತ್ತಡದ ಮೇಲೆ ಕಣ್ಣಿಡುವ ಈ ವ್ಯವಸ್ಥೆ, ಎರಡು ಬಗೆ. ನೇರ ಬಗೆಯಲ್ಲಿ ಪ್ರತಿ ಚಕ್ರದೊಳಗೂ ಬ್ಯಾಟರಿಯುಳ್ಳ ಸೆನ್ಸರ್ ಕೂತು ಒತ್ತಡವನ್ನು ರೇಡಿಯೋ ಮೂಲಕ ಕಳಿಸುತ್ತದೆ. ಪರೋಕ್ಷ ಬಗೆಯಲ್ಲಿ ಚಕ್ರದೊಳಗೆ ಏನೂ ಇಲ್ಲ. ಎಬಿಎಸ್ ಬ್ರೇಕಿಗಾಗಿ ಮೊದಲೇ ಇರುವ ವೇಗದ ಸೆನ್ಸರ್‌ಗಳಿಂದಲೇ ಕಾರು ಅಂದಾಜು ಮಾಡುತ್ತದೆ: ಗಾಳಿ ಇಳಿದ ಟೈರಿನ ಸುತ್ತಳತೆ ತುಸು ಕುಗ್ಗಿ ಅದು ಉಳಿದವಕ್ಕಿಂತ ವೇಗವಾಗಿ ತಿರುಗುತ್ತದೆ. ಹೋಂಡಾ, ಮಾಜ್ದಾ, ಫೋಕ್ಸ್‌ವ್ಯಾಗನ್‌ಗಳ ಹಲವು ಮಾದರಿಗಳು ಪರೋಕ್ಷ ಬಗೆಯವು.

ಗುರುತಿಸುವುದು ಸುಲಭ. ಪರದೆಯಲ್ಲಿ ಪ್ರತಿ ಟೈರಿನ ಒತ್ತಡ ಸಂಖ್ಯೆಯಲ್ಲೇ ಕಾಣುತ್ತಿದ್ದರೆ ಅದು ನೇರ ಬಗೆ. ಸಂಖ್ಯೆ ಕಾಣದೆ ಬರೀ ದೀಪ ಇದ್ದರೆ ಎರಡೂ ಆಗಿರಬಹುದು, ಆಗ ಕಾರಿನ ಕೈಪಿಡಿ ನೋಡಿ. ವಾಲ್ವ್‌ನ ಕಡ್ಡಿ ಲೋಹದ್ದಾಗಿದ್ದು ಅದರ ಬುಡದಲ್ಲೊಂದು ನಟ್ ಇದ್ದರೆ ಒಳಗೆ ಸೆನ್ಸರ್ ಇರುವ ಸಾಧ್ಯತೆ ಹೆಚ್ಚು. ಆದರೆ ರಬ್ಬರ್ ವಾಲ್ವ್ ಇದ್ದ ಮಾತ್ರಕ್ಕೆ ಸೆನ್ಸರ್ ಇಲ್ಲ ಎನ್ನುವಂತಿಲ್ಲ, ರಬ್ಬರ್ ಕಡ್ಡಿಯ ಸೆನ್ಸರ್‌ಗಳೂ ಬಹಳ ಇವೆ.

ಪರೋಕ್ಷ ಬಗೆಯವರಿಗೆ ಇಲ್ಲಿ ಖರ್ಚೇ ಇಲ್ಲ. ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹೊಡೆಸಿ, ಮೆನುವಿನಲ್ಲೋ ಬಟನ್‌ನಲ್ಲೋ ಮರುಹೊಂದಿಸಿ, ಸ್ವಲ್ಪ ದೂರ ಓಡಿಸಿದರೆ ಕಾರು ಹೊಸ ಲೆಕ್ಕ ಕಲಿಯುತ್ತದೆ. ಪ್ರತಿ ಸಲ ಟೈರು ಬದಲಿಸಿದಾಗ, ಅದಲು ಬದಲು ಮಾಡಿದಾಗ, ಗಾಳಿ ಹೊಡೆಸಿದಾಗ ಇದನ್ನು ಮಾಡಬೇಕು. ಇಷ್ಟು ಮಾಡಿದರೂ ದೋಷದ ದೀಪ ಹೋಗದಿದ್ದರೆ ಹುಡುಕಬೇಕಾದದ್ದು ಎಬಿಎಸ್ ಕಡೆಗೆ. ಮುಂದಿನದೆಲ್ಲ ನೇರ ಬಗೆಯವರಿಗೆ.

ಯಾವುದು ಸತ್ತಿದೆ ಎಂದು ಹುಡುಕುವುದು

ಚಕ್ರದೊಳಗಿನ ಸೆನ್ಸರ್ ಎಂದರೆ ಬೆರಳೆರಡರಷ್ಟು ಅಗಲದ ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಒತ್ತಡ ಅಳೆಯುವ ಚಿಪ್, ತಾಪಮಾನದ ಚಿಪ್, ಚಕ್ರ ತಿರುಗುತ್ತಿದೆಯೇ ಎಂದು ತಿಳಿಯುವ ಭಾಗ, ಸಣ್ಣ ರೇಡಿಯೋ, ನಾಣ್ಯದಾಕಾರದ ಲಿಥಿಯಂ ಬ್ಯಾಟರಿ, ಇಷ್ಟನ್ನೂ ರಾಳ ಸುರಿದು ಮುಚ್ಚಿರುತ್ತಾರೆ. ಗಾಡಿ ಓಡುವಾಗ ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ತನ್ನ ಗುರುತಿನ ಸಂಖ್ಯೆ ಮತ್ತು ಒತ್ತಡವನ್ನು ಕೂಗಿ ಹೇಳುತ್ತದೆ, ನಿಂತಾಗ ನಿದ್ದೆ ಹೋಗುತ್ತದೆ. ಬ್ಯಾಟರಿ ಸಾಮಾನ್ಯವಾಗಿ 5ರಿಂದ 10 ವರ್ಷ ಬರುತ್ತದೆ. ಹೆಚ್ಚು ಓಡುವ ಕಾರಿನದು ಬೇಗ ಮುಗಿಯುತ್ತದೆ.

ಪರದೆಯಲ್ಲಿ ಒಂದು ಚಕ್ರದ ಜಾಗದಲ್ಲಿ ಮಾತ್ರ ಗೆರೆಗಳು ಕಾಣುತ್ತಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದಂತೆ. ಆದರೆ ಅರ್ಧ ಮಾತ್ರ. ಹಿಂದೆ ಯಾವಾಗಲೋ ಚಕ್ರಗಳನ್ನು ಅದಲು ಬದಲು ಮಾಡಿ ಕಾರಿಗೆ ಹೊಸ ಜಾಗ ಕಲಿಸದೆ ಬಿಟ್ಟಿದ್ದರೆ, ಪರದೆಯಲ್ಲಿ ಕಾಣುವ ಮುಂದಿನ ಎಡಚಕ್ರ ನಿಜವಾಗಿ ಹಿಂದಿನ ಎಡಚಕ್ರ ಆಗಿರಬಹುದು. ಪರೀಕ್ಷೆ ಸುಲಭ: ಸರಿಯಿದೆ ಎಂದು ಕಾಣುವ ಒಂದು ಚಕ್ರದಿಂದ ಮೂರು ನಾಲ್ಕು ಪಿಎಸ್‌ಐ ಬಿಟ್ಟು, ಸ್ವಲ್ಪ ಓಡಿಸಿ, ಯಾವ ಸಂಖ್ಯೆ ಇಳಿಯಿತು ನೋಡಿ. ಐದು ನಿಮಿಷದ ಈ ಕೆಲಸ ಒಂದು ಟೈರನ್ನು ಸುಮ್ಮನೆ ಬಿಡಿಸುವುದನ್ನು ತಪ್ಪಿಸುತ್ತದೆ.

ಬರೀ ದೀಪ ಇರುವ ಕಾರುಗಳಲ್ಲಿ ಉಪಕರಣ ಬೇಕೇ ಬೇಕು. ಟಿಪಿಎಂಎಸ್ ಟೂಲ್ ಎಂದೇ ಹೆಸರು. ಅದನ್ನು ವಾಲ್ವ್‌ನ ಪಕ್ಕ ಟೈರಿಗೆ ಹಿಡಿದು ಗುಂಡಿ ಒತ್ತಿದರೆ 125 ಕಿಲೋಹರ್ಟ್ಸ್‌ನ ಸಂಕೇತ ಕಳಿಸಿ ಮಲಗಿದ್ದ ಸೆನ್ಸರನ್ನು ಎಬ್ಬಿಸುತ್ತದೆ. ಸೆನ್ಸರ್ ಉತ್ತರಿಸಿದರೆ ಗುರುತಿನ ಸಂಖ್ಯೆ, ಒತ್ತಡ, ತಾಪಮಾನ, ಹಲವದರಲ್ಲಿ ಬ್ಯಾಟರಿಯ ಸ್ಥಿತಿ ಕಾಣುತ್ತದೆ. ಎರಡು ಮೂರು ಸಲ ಪ್ರಯತ್ನಿಸಿದರೂ ಉತ್ತರ ಬರದಿದ್ದರೆ ಅದೇ ಸತ್ತದ್ದು. ಮೊದಲ ಸಲಕ್ಕೇ ತೀರ್ಪು ಕೊಡಬೇಡಿ. ಉಪಕರಣವನ್ನು ಸರಿಯಾದ ಜಾಗಕ್ಕೆ ಹಿಡಿಯದೆ ಇದ್ದರೂ, ಕಾರಿನ ವರ್ಷ ತಪ್ಪಾಗಿ ಆರಿಸಿದರೂ ಉತ್ತರ ಬರುವುದಿಲ್ಲ. ಸ್ಟೆಪ್ನಿಯನ್ನೂ ಮರೆಯಬೇಡಿ.

ಕಂಪ್ಯೂಟರ್ ಬಲ್ಲವರಿಗೆ ಇನ್ನೊಂದು ದಾರಿ ಇದೆ, ಅದು ನನಗೆ ತುಂಬ ಇಷ್ಟ. ಆರ್‌ಟಿಎಲ್-ಎಸ್‌ಡಿಆರ್ ಎಂಬ ಪೆನ್‌ಡ್ರೈವ್ ಗಾತ್ರದ ರೇಡಿಯೋ, ಜೊತೆಗೆ ಆರ್‌ಟಿಎಲ್_433 ಎಂಬ ಉಚಿತ ತಂತ್ರಾಂಶ ಇದ್ದರೆ ಹಲವು ಕಂಪನಿಗಳ ಸೆನ್ಸರ್‌ಗಳ ಮಾತನ್ನು ಲ್ಯಾಪ್‌ಟಾಪಿನಲ್ಲೇ ಓದಬಹುದು. ಪಕ್ಕದಲ್ಲಿ ಯಾರಾದರೂ ಲ್ಯಾಪ್‌ಟಾಪ್ ಹಿಡಿದು ಕೂತು ನೀವು ಒಂದು ಸುತ್ತು ಓಡಿಸಿ ಬಂದರೆ ಯಾವ ಸಂಖ್ಯೆಗಳು ಬಂದವು, ಎಷ್ಟು ಬಂದವು ಎಂದು ಗೊತ್ತಾಗುತ್ತದೆ. ಇದರಿಂದ ಸೆನ್ಸರ್ ಎಬ್ಬಿಸಲಾಗದು, ಕೇಳಿಸಿಕೊಳ್ಳಬಹುದು ಅಷ್ಟೇ.

ನಾಲ್ಕೂ ಸೆನ್ಸರ್ ಉತ್ತರ ಕೊಡುತ್ತಿದ್ದು ಕಾರು ಮಾತ್ರ ದೋಷ ಹೇಳುತ್ತಿದ್ದರೆ ಸೆನ್ಸರ್ ಕೊಳ್ಳುವುದನ್ನು ಅಲ್ಲಿಗೇ ನಿಲ್ಲಿಸಿ. ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ಗುರುತಿನ ಸಂಖ್ಯೆಗಳು ಇವೇ ಹೌದೇ ನೋಡಬೇಕು. ಹಿಂದಿನ ಮಾಲೀಕರು ಅಲಾಯ್ ಚಕ್ರ ಬದಲಿಸಿದ್ದರೆ ಹಳೆಯ ಸಂಖ್ಯೆಗಳೇ ಉಳಿದಿರಬಹುದು. ಫ್ಯೂಸ್ ಹೋಗಿರಬಹುದು, ರಿಸೀವರ್ ಕೆಟ್ಟಿರಬಹುದು. ಇನ್ನೊಂದು ಕಾರಣವನ್ನು ಬಹಳ ಜನ ಊಹಿಸುವುದೇ ಇಲ್ಲ: ಅಗ್ಗದ ಯುಎಸ್‌ಬಿ ಚಾರ್ಜರ್, ಹೊರಗಿನಿಂದ ಹಾಕಿಸಿದ ಎಲ್‌ಇಡಿ ಬಲ್ಬ್, ಡ್ಯಾಶ್‌ಕ್ಯಾಮ್, ಇನ್ವರ್ಟರ್ ಇವು ಹೊಮ್ಮಿಸುವ ರೇಡಿಯೋ ಗದ್ದಲದಲ್ಲಿ ಸೆನ್ಸರ್‌ನ ಕ್ಷೀಣ ದನಿ ಮುಳುಗಿಹೋಗುತ್ತದೆ. ಒಂದು ದಿನ ಎಲ್ಲವನ್ನೂ ಕಿತ್ತಿಟ್ಟು ಓಡಿಸಿ ನೋಡಿ. ಇದಕ್ಕೆ ಖರ್ಚಿಲ್ಲ.

ಹಾಗೆಯೇ ಒಂದೇ ಟೈರು ಪದೇಪದೇ ಗಾಳಿ ಕಳೆದುಕೊಂಡು ದೀಪ ಹೊತ್ತಿಸುತ್ತಿದ್ದರೆ ಸೋಪಿನ ನೀರನ್ನು ವಾಲ್ವ್‌ನ ತುದಿಗೂ ಬುಡಕ್ಕೂ ಹಚ್ಚಿ. ತುದಿಯಲ್ಲಿ ಗುಳ್ಳೆ ಬಂದರೆ ವಾಲ್ವ್‌ನ ಒಳಗಿನ ಪಿನ್, ಬುಡದಲ್ಲಿ ಬಂದರೆ ರಬ್ಬರ್ ಸೀಲ್. ಎರಡಕ್ಕೂ ಹೊಸ ಸೆನ್ಸರ್ ಬೇಡ.

ಕೊಳ್ಳುವಾಗ ಮುಂದಿರುವ ಆಯ್ಕೆಗಳು

ಕಾರು ಕಂಪನಿಯ ಸೆನ್ಸರ್, ಅಂದರೆ ಒರಿಜಿನಲ್, ಎಲ್ಲಕ್ಕಿಂತ ದುಬಾರಿ. ಅದಕ್ಕೆ ಪ್ರತಿಯಾಗಿ ಸಿಗುವುದು ನಿಶ್ಚಿಂತೆ: ಪಾರ್ಟ್ ನಂಬರ್ ಸರಿಯಿದ್ದರೆ ತರಂಗಾಂತರ, ಭಾಷೆ, ಆಕಾರ ಎಲ್ಲವೂ ಹೊಂದುತ್ತದೆ. ಆದರೆ ಇದರ ಗುರುತಿನ ಸಂಖ್ಯೆ ಹೊಸದು, ಕಾರಿಗೆ ಕಲಿಸಲೇಬೇಕು. ಸೆನ್ಸರ್‌ಗಳನ್ನು ಕಾರು ಕಂಪನಿಗಳು ತಾವೇ ಮಾಡುವುದು ಕಡಿಮೆ. ಶ್ರೇಡರ್, ಕಾಂಟಿನೆಂಟಲ್, ಹುಫ್, ಪೆಸಿಫಿಕ್ ಮುಂತಾದವು ಮಾಡಿಕೊಡುತ್ತವೆ. ಅದೇ ತಯಾರಕರ ಹೆಸರಿನ ಡಬ್ಬಿಯಲ್ಲಿ ಅದೇ ಸೆನ್ಸರ್ ಸಿಕ್ಕಿದರೆ ಕಡಿಮೆ ಬೆಲೆಗೆ ಅದೇ ವಸ್ತು. ಕಾರಿನ್ನೂ ಹೊಸದು, ಒಂದೇ ಸೆನ್ಸರ್ ಪೆಟ್ಟು ತಿಂದಿದೆ ಎಂದಾದರೆ ನಾನು ಇದನ್ನೇ ಆರಿಸುತ್ತೇನೆ.

ಇನ್ನೊಂದು ತುದಿಯಲ್ಲಿ ನಿಮ್ಮ ಮಾದರಿಗೆ ಹೊಂದುತ್ತದೆ ಎಂದು ಹೇಳಿ ನಾಲ್ಕರ ಕಟ್ಟಾಗಿ ಮಾರುವ, ಹೆಸರಿಲ್ಲದ ಸೆನ್ಸರ್‌ಗಳು. ಕೆಲವು ಚೆನ್ನಾಗಿಯೇ ಬಾಳುತ್ತವೆ. ಆದರೆ ಬ್ಯಾಟರಿ ಯಾವಾಗ ತಯಾರಾದದ್ದು ಎಂದು ಹೊರಗಿನಿಂದ ತಿಳಿಯುವುದಿಲ್ಲ, ಒಂದು ಬೇಗ ಸತ್ತರೆ ಟೈರು ಬಿಡಿಸುವ ಕೂಲಿ ಮತ್ತೆ ನಿಮ್ಮದೇ. ಸೆನ್ಸರ್‌ನಲ್ಲಿ ಉಳಿಸಿದ್ದು ಆ ಒಂದು ಕೂಲಿಯಲ್ಲೇ ಹೋಗಿಬಿಡುತ್ತದೆ. ವಾರಂಟಿ ಇದ್ದರೂ ಅದು ಸೆನ್ಸರ್‌ಗೆ ಮಾತ್ರ, ಕೂಲಿಗಲ್ಲ. ನಾನು ಇವನ್ನು ಶಿಫಾರಸು ಮಾಡುವುದಿಲ್ಲ.

ನಡುವಿನದೇ ನನ್ನ ದೃಷ್ಟಿಯಲ್ಲಿ ಹೆಚ್ಚಿನವರಿಗೆ ಸರಿ: ಪ್ರೋಗ್ರಾಮ್ ಮಾಡಬಹುದಾದ ಖಾಲಿ ಸೆನ್ಸರ್. ಆಟೆಲ್‌ನ ಎಂಎಕ್ಸ್ ಸೆನ್ಸರ್, ಶ್ರೇಡರ್‌ನ ಈಝೀ ಸೆನ್ಸರ್, ಹುಫ್‌ನ ಇಂಟೆಲಿಸೆನ್ಸ್ ಇಂಥವು. ಟೂಲ್‌ನಲ್ಲಿ ಕಾರಿನ ಕಂಪನಿ, ಮಾದರಿ, ವರ್ಷ ಆರಿಸಿ ಸೆನ್ಸರ್ ಮೇಲಿಟ್ಟು ಬರೆದರೆ ಅದು ಆ ಕಾರಿನ ಭಾಷೆ ಮಾತಾಡತೊಡಗುತ್ತದೆ. ಇವುಗಳ ಬಲ ಇರುವುದು ನಕಲು ಮಾಡುವುದರಲ್ಲಿ. ಹಳೆಯ ಸೆನ್ಸರ್‌ನ ಗುರುತಿನ ಸಂಖ್ಯೆಯನ್ನೇ ಹೊಸದಕ್ಕೆ ಬರೆದರೆ ಕಾರಿಗೆ ಬದಲಾವಣೆಯ ಅರಿವೇ ಆಗುವುದಿಲ್ಲ, ಕಲಿಸುವ ಕೆಲಸವೂ ಇಲ್ಲ. ಹಳೆಯದರ ಬ್ಯಾಟರಿ ಇನ್ನೂ ಉಸಿರಾಡುತ್ತಿದ್ದರೆ ಟೂಲ್ ಅದನ್ನು ನೇರವಾಗಿ ಓದಿ ನಕಲು ಮಾಡುತ್ತದೆ. ಪೂರ್ತಿ ಸತ್ತಿದ್ದರೆ ಹೊರತೆಗೆದು ಅದರ ಮೈಮೇಲೆ ಅಚ್ಚಾದ ಸಂಖ್ಯೆಯನ್ನು ಟೈಪ್ ಮಾಡಬೇಕು. ಅದು ಸಾಮಾನ್ಯವಾಗಿ ಎಂಟು ಅಕ್ಷರದ್ದು, 0ರಿಂದ 9ರ ಅಂಕಿ ಮತ್ತು ಎ ಇಂದ ಎಫ್‌ವರೆಗಿನ ಅಕ್ಷರ ಬೆರೆತಿರುತ್ತದೆ. 8 ಮತ್ತು ಬಿ ನಡುವೆ ಎಡವಟ್ಟಾಗುವುದು ಸಹಜ, ಫೋಟೋ ತೆಗೆದು ದೊಡ್ಡದು ಮಾಡಿ ಓದಿ.

ನಕಲಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ಒಂದೇ ಸಂಖ್ಯೆಯ ಎರಡು ಸೆನ್ಸರ್ ಒಂದೇ ಕಾರಿನ ಹತ್ತಿರ ಜೀವಂತವಾಗಿರಬಾರದು. ಚಳಿಗಾಲದ ಚಕ್ರಗಳ ಇನ್ನೊಂದು ಜೊತೆಗೆ ನಕಲು ಸೆನ್ಸರ್ ಹಾಕಿಸಿಕೊಂಡವರಿಗೆ ಇದು ವರವೇ. ಚಕ್ರ ಬದಲಿಸಿದರೂ ಕಾರಿಗೆ ಗೊತ್ತಾಗದು. ಆದರೆ ಎರಡೂ ಜೊತೆಯನ್ನು ಒಟ್ಟಿಗೆ ಕಾರಿನಲ್ಲಿ ಹೇರಿಕೊಂಡು ಹೋಗಬೇಡಿ.

ಯಾವುದನ್ನು ಕೊಂಡರೂ ತರಂಗಾಂತರ ನೋಡಲೇಬೇಕು. ಉತ್ತರ ಅಮೆರಿಕಕ್ಕೆ ಮಾಡಿದ ಕಾರುಗಳಲ್ಲಿ 315 ಮೆಗಾಹರ್ಟ್ಸ್ ಹೆಚ್ಚು, 433 ಕೂಡ ಇದೆ. ಯುರೋಪ್ ಮತ್ತು ಬೇರೆ ಬಹಳಷ್ಟು ಕಡೆ 433. ಒಂದಕ್ಕೆ ಮಾಡಿದ್ದನ್ನು ಇನ್ನೊಂದು ಕೇಳಿಸಿಕೊಳ್ಳದು. ಪ್ರೋಗ್ರಾಮ್ ಆಗುವ ಕೆಲವು ಸೆನ್ಸರ್‌ಗಳಲ್ಲಿ ಎರಡೂ ಇರುತ್ತವೆ, ಕೆಲವು ಒಂದಕ್ಕೆ ಮಾತ್ರ. ಟೆಸ್ಲಾದ ಈಚಿನ ಕಾರುಗಳಲ್ಲಂತೂ ಸೆನ್ಸರ್ ಬ್ಲೂಟೂತ್‌ನಲ್ಲಿ ಮಾತಾಡುತ್ತದೆ, ಅಲ್ಲಿ ಈ ಮಾಮೂಲಿ ಸೆನ್ಸರ್ ಯಾವುದೂ ನಡೆಯದು.

ಗುಜರಿಯಿಂದ ತಂದ ಹಳೆಯ ಸೆನ್ಸರ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ನಿಮ್ಮದು ಸತ್ತದ್ದು ವಯಸ್ಸಿನಿಂದ, ಅದರ ವಯಸ್ಸೂ ಅಷ್ಟೇ. ಬೇಡ.

ರಾಳ ಕೆತ್ತಿ ಬ್ಯಾಟರಿ ಬದಲಿಸುವುದನ್ನು ಮಾಡಿದವರಿದ್ದಾರೆ, ಮಾಡಿ ಗೆದ್ದವರೂ ಇದ್ದಾರೆ. ಕಾಲುಳ್ಳ ಬ್ಯಾಟರಿಯನ್ನು ಬೆಸೆದು, ಮತ್ತೆ ಎಪಾಕ್ಸಿ ಸುರಿದು ಮುಚ್ಚುವ ಕೆಲಸ. ಕೈಚಳಕದ ಆನಂದಕ್ಕೆ ಒಪ್ಪುತ್ತೇನೆ. ಆದರೆ ಆ ಡಬ್ಬಿ ಟೈರಿನೊಳಗೆ ಬಿಸಿ, ತೇವ, ಭಾರೀ ಸುತ್ತುವೇಗ ಎಲ್ಲವನ್ನೂ ವರ್ಷಗಟ್ಟಲೆ ತಾಳಬೇಕು. ಸೀಲ್ ಬಿಟ್ಟರೆ ಮತ್ತೆ ಟೈರು ಬಿಡಿಸಬೇಕು. ಸೆನ್ಸರ್ ಎಲ್ಲಿಯೂ ಸಿಗದ ಹಳೆಯ ಕಾರಿಗೆ ಮಾತ್ರ ಇದು ಯೋಚಿಸುವಂಥದ್ದು.

ಇನ್ನು ವಾಲ್ವ್‌ನ ಮುಚ್ಚಳದ ಜಾಗಕ್ಕೆ ತಿರುಗಿಸಿ ಹಾಕುವ ಹೊರಗಿನ ಸೆನ್ಸರ್ ಕಿಟ್. ಡ್ಯಾಶ್‌ಬೋರ್ಡಿನ ಮೇಲೆ ಪುಟ್ಟ ಪರದೆ, ಬಹುತೇಕ ಸೌರಶಕ್ತಿಯದು. ಟೈರು ಬಿಡಿಸಬೇಕಿಲ್ಲ, ಬ್ಯಾಟರಿ ನೀವೇ ಬದಲಿಸಬಹುದು, ಸಂಖ್ಯೆಗಳು ಕಾಣುತ್ತವೆ. ಮೊದಲಿನಿಂದ ಟಿಪಿಎಂಎಸ್ಸೇ ಇಲ್ಲದ ಕಾರಿಗೆ ಇದಕ್ಕಿಂತ ಒಳ್ಳೆಯ ಅಗ್ಗದ ದಾರಿ ಇಲ್ಲ. ಆದರೆ ಕಾರಿನ ಸ್ವಂತ ದೀಪವನ್ನು ಇದು ಆರಿಸದು. ಇನ್ನೂ ಮುಖ್ಯವಾದದ್ದು: ಈ ಮುಚ್ಚಳ ವಾಲ್ವ್‌ನ ಪಿನ್ನನ್ನು ಸದಾ ಒತ್ತಿಹಿಡಿದಿರುತ್ತದೆ. ಹಾಗಾಗಿ ಗಾಳಿ ತಡೆಯುವುದು ಮುಚ್ಚಳದೊಳಗಿನ ಸಣ್ಣ ರಬ್ಬರ್ ಉಂಗುರ ಮಾತ್ರ. ಅದು ಸವೆದರೆ ಗಾಳಿ ಸೋರುತ್ತದೆ. ಹಳೆಯ ರಬ್ಬರ್ ವಾಲ್ವ್‌ಗೆ ತುದಿಯಲ್ಲಿ ಭಾರ ಬಿದ್ದು ಬುಡದಲ್ಲಿ ಬಿರುಕು ಬರಬಹುದು. ವಾಲ್ವ್ ಹೊಸದು ಮಾಡಿಸಿದ ಮೇಲೆ ಹಾಕಿ, ಹಾಕಿದ ಕೂಡಲೇ ಸೋಪಿನ ನೀರು ಹಚ್ಚಿ ನೋಡಿ.

ಸೆನ್ಸರ್‌ಗಳನ್ನು ಗಾಳಿ ತುಂಬಿದ ಪೈಪಿನೊಳಗೆ ಮುಚ್ಚಿ ಡಿಕ್ಕಿಯಲ್ಲಿಟ್ಟು ದೀಪ ಆರಿಸುವ ಉಪಾಯವನ್ನೂ ಯಾರಾದರೂ ಹೇಳಿಯಾರು. ದಯವಿಟ್ಟು ಮಾಡಬೇಡಿ. ಹೆದ್ದಾರಿಯಲ್ಲಿ ಟೈರಿನ ಗಾಳಿ ಇಳಿಯುತ್ತಿರುವಾಗ ಎಲ್ಲ ಸರಿಯಿದೆ ಎಂದು ಹೇಳುವ ಪರದೆ, ಪರದೆಯೇ ಇಲ್ಲದಿರುವುದಕ್ಕಿಂತ ಅಪಾಯಕಾರಿ. ಆ ಕಾರನ್ನು ಮುಂದೆ ಓಡಿಸುವವರಿಗೆ ಆ ಪೈಪಿನ ವಿಷಯ ಗೊತ್ತಿರುವುದೂ ಇಲ್ಲ.

ರಬ್ಬರ್ ಕಡ್ಡಿಯೋ, ಲೋಹದ ಕಡ್ಡಿಯೋ

ಸಾಮಾನ್ಯವಾಗಿ ಮೊದಲಿದ್ದ ಬಗೆಯದನ್ನೇ ಹಾಕಿಸಿ. ರಬ್ಬರ್ ಕಡ್ಡಿ ಅಗ್ಗ, ತುಕ್ಕಿನ ಚಿಂತೆಯಿಲ್ಲ. ಅಲ್ಯುಮಿನಿಯಂ ಕಡ್ಡಿ ಭಾರೀ ವೇಗಕ್ಕೆ ಗಟ್ಟಿ, ಆದರೆ ತೇವ ಮತ್ತು ಉಪ್ಪಿನ ವಾತಾವರಣದಲ್ಲಿ ತಿನ್ನಲ್ಪಟ್ಟು, ಗಾಳಿ ಹೊಡೆಸಲು ಹೋದಾಗ ಮುರಿದು ಕೈಗೇ ಬರುತ್ತದೆ. ಅದಕ್ಕೆ ಕಾರಣ ಹಲವು ಸಲ ಸೆನ್ಸರ್ ಅಲ್ಲ, ಅದರೊಳಗೆ ಹಾಕಿದ ತಪ್ಪು ಪಿನ್. ಅಲ್ಯುಮಿನಿಯಂ ಕಡ್ಡಿಯೊಳಗೆ ಮಾಮೂಲಿ ಹಿತ್ತಾಳೆ ಪಿನ್ ಹಾಕಿದರೆ ಎರಡು ಲೋಹ ಕಚ್ಚಿಕೊಂಡು ಬಿಡಿಸಲಾರದಂತೆ ಕೂರುತ್ತವೆ. ನಿಕ್ಕಲ್ ಲೇಪಿಸಿದ ಪಿನ್ನೇ ಬೇಕು. ಅಂದಕ್ಕೆಂದು ಲೋಹದ ಮುಚ್ಚಳ ಹಾಕಿದರೂ ಇದೇ ಕಥೆ, ಪ್ಲಾಸ್ಟಿಕ್ ಮುಚ್ಚಳ ಸಾಕು.

ಪ್ರತಿ ಸಲ ಟೈರು ಬದಲಿಸುವಾಗ ಸೀಲ್, ನಟ್, ಪಿನ್, ಮುಚ್ಚಳ ಸೇರಿದ ಸರ್ವೀಸ್ ಕಿಟ್ ಹಾಕಿಸಿ. ಇಡೀ ಸೆನ್ಸರ್‌ನ ಬೆಲೆಯ ಚಿಕ್ಕ ಪಾಲು ಅದು. ಚೆನ್ನಾಗಿರುವ ಸೆನ್ಸರ್ ಸೀಲ್ ಸೋರಿದ್ದಕ್ಕೆ ಬಲಿಯಾಗದಂತೆ ತಡೆಯುತ್ತದೆ. ನಟ್ಟನ್ನು ಪೂರ್ತಿ ಬಲ ಹಾಕಿ ಬಿಗಿಯುವಂತಿಲ್ಲ. ತಯಾರಕರು ಹೇಳುವ ಬಿಗಿತ ಬಹುತೇಕ 10 ನ್ಯೂಟನ್ ಮೀಟರಿಗಿಂತ ಕಡಿಮೆ, ಅಂದರೆ ಚಕ್ರದ ಬೋಲ್ಟಿಗೆ ಹಾಕುವುದರ ಹತ್ತನೇ ಒಂದು ಪಾಲಿನಷ್ಟು. ಹಾಗೆಯೇ ಪಂಕ್ಚರಿಗೆಂದು ಟೈರಿನೊಳಗೆ ಸುರಿಯುವ ಕೆಲವು ದ್ರವಗಳು ಸೆನ್ಸರ್‌ನ ಸೂಜಿಮೊನೆಯಂಥ ರಂಧ್ರವನ್ನು ಮುಚ್ಚಿಬಿಡುತ್ತವೆ. ಆ ದ್ರವ ಹಾಕಿದ ಮೇಲೆ ಒತ್ತಡ ತಪ್ಪು ತೋರಿಸಿದರೆ ಮೊದಲು ಒಳಗನ್ನು ತೊಳೆಸಿ.

ಕಾರಿಗೆ ಹೊಸ ಸೆನ್ಸರ್ ಕಲಿಸುವುದು

ಅಗ್ಗದ ಸೆನ್ಸರ್ ದುಬಾರಿಯಾಗುವುದು ಹೆಚ್ಚಾಗಿ ಇಲ್ಲೇ. ಕೊಳ್ಳುವ ಮೊದಲು ನಿಮ್ಮ ಕಾರು ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಕೆಲವು ಕಾರುಗಳು ತಾವೇ ಕಲಿಯುತ್ತವೆ: ಹಾಕಿಸಿ ಹತ್ತಿಪ್ಪತ್ತು ನಿಮಿಷ ಓಡಿಸಿದರೆ ಮುಗಿಯಿತು. ಇಂಥ ಕಾರು ನಿಮ್ಮದಾದರೆ ಒರಿಜಿನಲ್ ಆಗಲಿ, ಮೊದಲೇ ಪ್ರೋಗ್ರಾಮ್ ಆಗಿ ಬಂದ ಒಳ್ಳೆಯ ಸೆನ್ಸರ್ ಆಗಲಿ ಚಿಂತೆಯಿಲ್ಲ. ಕೆಲವು ಕಾರುಗಳನ್ನು ಕಲಿಯುವ ಸ್ಥಿತಿಗೆ ತಂದು, ಟೂಲ್‌ನಿಂದ ಒಂದೊಂದೇ ಚಕ್ರವನ್ನು ಎಬ್ಬಿಸಬೇಕು. ಜನರಲ್ ಮೋಟಾರ್ಸ್‌ನ ಬಹಳಷ್ಟು ಕಾರುಗಳು ಹೀಗೆ: ಮುಂದಿನ ಎಡ, ಮುಂದಿನ ಬಲ, ಹಿಂದಿನ ಬಲ, ಹಿಂದಿನ ಎಡ ಈ ಕ್ರಮದಲ್ಲಿ, ಒಂದೊಂದು ಕಲಿತಾಗಲೂ ಹಾರ್ನ್ ಕೂಗಿ ಹೇಳುತ್ತದೆ. ಇದಕ್ಕೆ ಬೇಕಾದ ಎಬ್ಬಿಸುವ ಉಪಕರಣ ಬಲು ಸರಳ, ಬಲು ಅಗ್ಗ.

ಮೂರನೆಯ ಬಗೆಯಲ್ಲಿ ಸ್ಟಿಯರಿಂಗ್ ಕೆಳಗಿನ ಒಬಿಡಿ ಪೋರ್ಟಿಗೆ (ಕಾರಿನ ಕಂಪ್ಯೂಟರಿಗೆ ಉಪಕರಣ ಜೋಡಿಸುವ ಕಿಂಡಿ) ಟೂಲ್ ಸಿಕ್ಕಿಸಿ ಸಂಖ್ಯೆಗಳನ್ನು ಕಂಪ್ಯೂಟರಿಗೆ ಬರೆಯಬೇಕು. ಟೊಯೋಟಾದ ಬಹಳ ಕಾರುಗಳು ಈ ಗುಂಪಿನವು, ಮತ್ತು ಇಲ್ಲೇ ದೊಡ್ಡ ಗೊಂದಲ ಆಗುತ್ತದೆ. ಅವುಗಳಲ್ಲಿ ಒಂದು ಸೆಟ್ ಬಟನ್ ಇರುತ್ತದೆ, ಒತ್ತಿಹಿಡಿದರೆ ದೀಪ ಮೂರು ಸಲ ಮಿನುಗುತ್ತದೆ. ಹೊಸ ಸೆನ್ಸರ್ ಹಾಕಿಸಿ ಈ ಬಟನ್ ಒತ್ತಿ ಕಾಯುತ್ತಾ ಕೂತವರು ಎಷ್ಟೋ ಮಂದಿ. ಆ ಬಟನ್ ಈಗಿರುವ ಒತ್ತಡವನ್ನೇ ಸರಿ ಎಂದು ನೆನಪಿಟ್ಟುಕೊಳ್ಳಲು ಮಾತ್ರ, ಹೊಸ ಸಂಖ್ಯೆ ಕಲಿಸಲು ಅಲ್ಲ. ಇಂಥ ಕಾರಿಗೆ ನಕಲು ಮಾಡಿದ ಸೆನ್ಸರ್‌ನಷ್ಟು ನೆಮ್ಮದಿಯ ದಾರಿ ಇನ್ನೊಂದಿಲ್ಲ.

ಹಾಗಾದರೆ ಟೂಲ್ ಸ್ವಂತಕ್ಕೆ ಕೊಳ್ಳಬೇಕೇ? ಒಂದೇ ಕಾರು, ಒಂದೇ ಜೊತೆ ಚಕ್ರ ಇದ್ದವರಿಗೆ ಬೇಡ. ಸೆನ್ಸರ್ ಮತ್ತು ಪ್ರೋಗ್ರಾಮಿಂಗ್ ಎರಡನ್ನೂ ಒಂದೇ ಟೈರ್ ಅಂಗಡಿಯಲ್ಲಿ ಮಾಡಿಸಿದರೆ ಕೆಲಸ ಮಾಡದಿದ್ದಾಗ ಹೊಣೆ ಒಬ್ಬರದೇ ಆಗುತ್ತದೆ. ಎರಡು ಮೂರು ಕಾರು ಇರುವ ಮನೆ, ಪ್ರತಿ ವರ್ಷ ಚಕ್ರದ ಜೊತೆ ಬದಲಿಸುವವರು, ಸ್ನೇಹಿತರೊಡನೆ ಹಂಚಿಕೊಳ್ಳಬಲ್ಲವರು ಕೊಳ್ಳಬಹುದು. ಕೊಳ್ಳುವುದಾದರೆ ಓದುವುದಕ್ಕೆ ಮಾತ್ರ ಆಗುವುದನ್ನು ಬಿಟ್ಟು ಬರೆಯುವುದಕ್ಕೂ ಆಗುವುದನ್ನು ಕೊಳ್ಳಿ. ಒಂದು ಕಂಪನಿಯ ಟೂಲ್ ಸಾಮಾನ್ಯವಾಗಿ ತನ್ನದೇ ಖಾಲಿ ಸೆನ್ಸರ್‌ಗೆ ಮಾತ್ರ ಬರೆಯುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಒಂದೋ, ನಾಲ್ಕೋ

ಕಾರಿಗೆ ಮೂರು ನಾಲ್ಕು ವರ್ಷ, ಒಂದು ಸೆನ್ಸರ್ ಮಾತ್ರ ಹೋಗಿದೆ ಎಂದರೆ ಒಂದನ್ನೇ ಹಾಕಿಸಿ. ಅದು ಪೆಟ್ಟೋ ತಯಾರಿಕೆಯ ದೋಷವೋ ಇರಬೇಕು, ಉಳಿದವಕ್ಕೆ ಆಯುಸ್ಸಿದೆ. ಕಾರಿಗೆ ಎಂಟು ವರ್ಷವಾಗಿದ್ದು ಟೈರೂ ಸವೆದಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಹೇಗಿದ್ದರೂ ಟೈರು ಬಿಡಿಸುತ್ತಾರೆ, ಸೆನ್ಸರ್ ಕೂರಿಸುವ ಹೆಚ್ಚುವರಿ ಕೂಲಿ ಅಲ್ಪ. ಕಷ್ಟದ ಪ್ರಶ್ನೆ ನಡುವಿನದು: ಎಂಟು ವರ್ಷ ಆಗಿದೆ, ಒಂದು ಸತ್ತಿದೆ, ಟೈರಿಗೆ ಇನ್ನೂ ವರ್ಷದ ಬಾಳಿಕೆ ಇದೆ. ನಾನಾದರೆ ಸತ್ತ ಒಂದನ್ನು ಮಾತ್ರ ಈಗ ಹಾಕಿಸುತ್ತೇನೆ, ಉಳಿದ ಮೂರನ್ನು ಹೊಸ ಟೈರಿನ ದಿನಕ್ಕೆ ಬಿಡುತ್ತೇನೆ. ಮಾರಾಟಗಾರರು ನಾಲ್ಕನ್ನೂ ಈಗಲೇ ಮಾಡಿಸಿ ಎಂದು ಒತ್ತಾಯಿಸುವುದುಂಟು, ಮತ್ತು ಆ ಮೂರರಲ್ಲಿ ಒಂದು ಆರು ತಿಂಗಳಲ್ಲಿ ಸತ್ತರೆ ಅವರ ಮಾತೇ ನಿಜವಾಗುತ್ತದೆ. ಟೂಲ್‌ನಲ್ಲಿ ಬ್ಯಾಟರಿ ಕ್ಷೀಣ ಎಂದು ತೋರಿಸಿದ ಸೆನ್ಸರ್ ಇದ್ದರೆ ಅದನ್ನೂ ಈಗಲೇ ಸೇರಿಸಿಕೊಳ್ಳಿ. ತೋರಿಸದಿದ್ದರೆ ಕಾಯಿರಿ. ಕಾಯುವಷ್ಟು ಕಾಲ ತಿಂಗಳಿಗೆರಡು ಸಲ ಗೇಜ್ ಹಿಡಿಯಿರಿ.

ಟೈರ್ ಅಂಗಡಿಗೆ ಹೋದ ದಿನ ಚಕ್ರ ಬಿಚ್ಚುವ ಮೊದಲೇ ನಾಲ್ಕೂ ಸೆನ್ಸರನ್ನು ಟೂಲ್‌ನಿಂದ ಓದಿಸಿ, ಯಾವುದು ಜೀವಂತ ಎಂದು ಇಬ್ಬರೂ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಮತ್ತೆ ಓದಿಸಿ. ಟೈರು ಬಿಡಿಸುವ ಯಂತ್ರದ ಒತ್ತುಗೋಲು ವಾಲ್ವ್‌ನ ಹತ್ತಿರ ಬಿದ್ದರೆ ಒಳಗಿನ ಡಬ್ಬಿ ಒಡೆಯುತ್ತದೆ, ಮೊದಲ ಓದು ಇಲ್ಲದಿದ್ದರೆ ಅದು ಮೊದಲೇ ಸತ್ತಿತ್ತೋ ಈಗ ಸತ್ತಿತೋ ಎಂದು ಯಾರೂ ಹೇಳಲಾರರು. ಮತ್ತು ಆ ಮೊದಲ ಓದಿನಲ್ಲಿ ಪರದೆಯ ಮೇಲೆ ಬರುವ ನಾಲ್ಕು ಗುರುತಿನ ಸಂಖ್ಯೆಗಳನ್ನು, ಸ್ಟೆಪ್ನಿಯಲ್ಲಿದ್ದರೆ ಐದನೆಯದನ್ನೂ, ಯಾವ ಚಕ್ರ ಯಾವುದು ಎಂಬುದರ ಸಮೇತ ಬರೆದು ಕಾರಿನ ಕೈಪಿಡಿಯೊಳಗೆ ಇಟ್ಟುಬಿಡಿ. ಮುಂದೆ ಯಾವುದಾದರೂ ಒಂದು ಪೂರ್ತಿ ಸತ್ತಾಗ ಅದನ್ನು ಓದಲು ಸಾಧ್ಯವಿಲ್ಲ. ಆದರೆ ಆ ಚೀಟಿ ಇದ್ದರೆ, ಟೈರು ಮುಟ್ಟುವ ಮೊದಲೇ ನಕಲು ಸಿದ್ಧ ಮಾಡಿಕೊಂಡು ಹೋಗಬಹುದು.